ಹನ್ನೊಂದು ಸೀಸೆಗಳ ಊರು

ಮಿಷಿಗನ್ನಿನ ಉತ್ತರ ತುದಿಯ ಒಂದು ಸಣ್ಣ ಸಂಗ್ರಹಾಲಯದಲ್ಲಿ ಲೆಂಪಿ ರೌಟಿಯೊ ಮೂವತ್ತೈದು ವರ್ಷ ಇರುವೆಗಳಿಗೆ ಚೀಟಿ ಬರೆದವಳು. ಯಾವ ಇರುವೆ, ಎಲ್ಲಿ ಸಿಕ್ಕಿತು, ಯಾವ ದಿನ ಎಂದು ಮುತ್ತು ಪೋಣಿಸಿದಂತೆ ಬರೆಯುತ್ತಿದ್ದಳು. ಅವಳ ಚೀಟಿಯನ್ನು ಯಾರೂ ಅನುಮಾನಿಸಿದ್ದಿಲ್ಲ.

ಒಂದು ಮಧ್ಯಾಹ್ನ ಅವಳು ಮಾಂಸದ ಕಡುಬು ಮುರಿಯುತ್ತಿದ್ದಾಗ, ಸಂಶೋಧನೆಗೆ ಬಂದಿದ್ದ ಥೀರಾ ಎಂಬ ಹುಡುಗಿ ನಕ್ಷೆ ಹಿಡಿದು ಓಡಿಬಂದಳು.

"ಲೆಂಪಿ, ನೋಡಿಲ್ಲಿ! ಈ ಕರಿ ಸಣ್ಣಿರುವೆ ಹತ್ತೊಂಬತ್ತು ಕಡೆ ಸಿಕ್ಕಿದೆ. ಹತ್ತೊಂಬತ್ತು ಕಡೇನೂ ಕೆಂಪು ದೊಡ್ಡಿರುವೆ ಇದೆ. ಇದು ಅದರ ಗೂಡು ಹೊಕ್ಕು, ಕೂತು ತಿನ್ನೋ ಜಾತಿ ಕಣ್ರೀ! ಒಂದು ಗೂಡೂ ಅಗೀದೆ, ಬರೀ ನಿಮ್ಮ ಚೀಟಿಯಿಂದ ಹಿಡಿದೆ. ಶುಕ್ರವಾರ ಲೇಖನ ಕಳಿಸ್ತೀನಿ."

ಲೆಂಪಿ ಕಡುಬನ್ನು ತಟ್ಟೆಗೆ ಮರಳಿಸಿದಳು.

ಕೆಲಸಕ್ಕೆ ಸೇರಿದ ಮೊದಲ ತಿಂಗಳು ಅವಳ ಕೈತಪ್ಪಿ ಇರುವೆ ಕೆಡದಂತಿಡುವ ಸ್ಪಿರಿಟ್ ಚೆಲ್ಲಿ, ಸಣ್ಣಿರುವೆಯ ಹನ್ನೊಂದು ಸೀಸೆಗಳ ಚೀಟಿಗಳು ಅಳಿಸಿಹೋಗಿದ್ದವು. ಹೇಳಿದರೆ ಕೆಲಸ ಹೋದೀತೆಂದು ಹೆದರಿ, ಪಕ್ಕದ ಸಾಲಿನ ಸೀಸೆಗಳ ಮೇಲಿದ್ದ ಊರುಗಳನ್ನೇ ನಕಲು ಮಾಡಿದ್ದಳು. ಪಕ್ಕದ ಸಾಲಿನಲ್ಲಿದ್ದುದು ಕೆಂಪು ದೊಡ್ಡಿರುವೆ.

ಆ ಮಧ್ಯಾಹ್ನದ ನಂತರ ಅವಳು ಎರಡು ಸಲ ಥೀರಾಳ ಬಾಗಿಲವರೆಗೆ ಹೋಗಿ, ಕತ್ತರಿ ಕೇಳಲು ಬಂದವಳಂತೆ ನಟಿಸಿ ಮರಳಿದಳು. ಗುರುವಾರ ಮಾತ್ರ ನಿಂತೇ ಬಿಟ್ಟಳು.

"ಹನ್ನೊಂದು ಚೀಟಿ ಸುಳ್ಳು ಕಣಮ್ಮ. ಸೇರಿದ ಮೊದಲ ತಿಂಗಳು ಒಂದು ದಿನ ಸ್ಪಿರಿಟ್ ಚೆಲ್ಲಿ ಅಳಿಸಿಹೋದ್ವು, ಪಕ್ಕದ ಸಾಲು ನೋಡಿ ನಾನೇ ಬರೆದದ್ದು."

"ತಮಾಷೆ ಮಾಡ್ಬೇಡಿ!" ಎಂದು ನಕ್ಕ ಥೀರಾ, ಅವಳ ಮುಖ ನೋಡಿ ಬಿಳಿಚಿಕೊಂಡಳು. "ಅದೊಂದೇ ದಿನಾನಾ? ಆಮೇಲೂ ಹೀಗೆ ಮಾಡಿದ್ರಾ?"

"ಅದೊಂದೇ ದಿನ. ದೇವರಾಣೆಗೂ."

"ಹೇಗೆ ನಂಬ್ಲಿ?"

ಇಷ್ಟು ವರ್ಷ ಲೆಂಪಿ ಹೆದರಿದ್ದು ಈ ಪ್ರಶ್ನೆಗೇ.

ಲೇಖನ ನಿಂತಿತು. ಉಳಿದ ಎಂಟು ಜಾಗ ಏನನ್ನೂ ಸಾಧಿಸಲು ಸಾಲದು. ಜೂನ್‌ನಲ್ಲಿ ಥೀರಾ ಆ ಎಂಟನ್ನೂ ಅಗೆಯಲು ಹೊರಟಾಗ ಲೆಂಪಿ ತಾನಾಗಿ ಜೊತೆಗೆ ಹೋದಳು. ಆರು ಕಡೆ ಏನೂ ಸಿಗಲಿಲ್ಲ. ಏಳನೆಯದರಲ್ಲಿ, ಕೊಳೆತ ಪೈನ್ ದಿಮ್ಮಿಯಡಿ, ಕೆಂಪಿರುವೆಗಳು ಪುಟ್ಟ ಕರಿ ರಾಣಿಯೊಂದರ ಬಾಯಿಗೆ ತುತ್ತಿಡುತ್ತಿದ್ದವು.

"ಸಿಕ್ತು!" ಎಂದು ಥೀರಾ ಕೂಗಿದಳು. ಲೆಂಪಿ ದಿಮ್ಮಿಯ ಪಕ್ಕದಲ್ಲೇ ಕೂತುಬಿಟ್ಟಳು.

ಲೆಂಪಿಯ ಕೆಲಸ ಉಳಿಯಿತು. ಆದರೆ ಅವಳು ಬರೆದ ಅಷ್ಟೂ ಚೀಟಿಗಳನ್ನು ಮತ್ತೆ ಪರಿಶೀಲಿಸಬೇಕೆಂದು ಮೇಲಿನವರ ಆದೇಶ ಬಂತು. ಥೀರಾ ಒಂದೊಂದೇ ಚೀಟಿ ಓದುತ್ತಿದ್ದಳು, ಲೆಂಪಿ ಸರಿಯೆಂದು ತಲೆಯಾಡಿಸುತ್ತಿದ್ದಳು. ತಾನು ಮರೆತೇಬಿಟ್ಟ ಇನ್ನೊಂದು ಸುಳ್ಳು ಅಲ್ಲೆಲ್ಲೋ ಕೂತಿರಬಹುದೇ ಎಂದು ಪ್ರತಿ ಪೆಟ್ಟಿಗೆ ತೆರೆಯುವಾಗಲೂ ಅವಳೇ ಮೊದಲು ಬಗ್ಗಿ ನೋಡುತ್ತಿದ್ದಳು.