ಅಂಬಿಗನನ್ನು ದಡ ಮುಟ್ಟಿಸಿದವಳು

ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಅವಳಿಗೆ ಭೂತಗನ್ನಡಿ ಎಂದು ಹೆಸರು. ಇಟ್ಟವಳು ಕಾಲರ್ ಹೊಲಿಯುವ ಹೆಂಗಸು. ಸಿಟ್ಟಿನಲ್ಲಿ ಇಟ್ಟದ್ದು, ಆದರೆ ನಿಂತುಬಿಟ್ಟಿತು.

ಹತ್ತೊಂಬತ್ತು ವರ್ಷದಿಂದ ಅವಳು ಚೆಕಿಂಗ್ ಟೇಬಲ್ಲಿನ ಮುಂದೆ ನಿಂತಿದ್ದಾಳೆ. ಕೂರುವ ಹಾಗಿಲ್ಲ. ಅಂಗಿ ಬರುತ್ತದೆ. ಕಾಲರ್ ನೋಡಬೇಕು, ತೋಳು ನೋಡಬೇಕು, ಒಳಮಗ್ಗುಲು ತಿರುವಿ ಹೊಲಿಗೆ ನೋಡಬೇಕು, ಗುಂಡಿ ಎಳೆದು ನೋಡಬೇಕು. ಎಲ್ಲಿ ತಪ್ಪಿದೆಯೋ ಅಲ್ಲಿ ಒಂದು ಸಣ್ಣ ಕೆಂಪು ಸ್ಟಿಕರ್ ಅಂಟಿಸಬೇಕು. ಕೆಂಪು ಬಿದ್ದ ಅಂಗಿ ಹೊಲಿದವಳ ಹತ್ತಿರ ವಾಪಸ್ ಹೋಗುತ್ತದೆ. ಅವಳು ಬೈಯುತ್ತಾ ಬಿಚ್ಚುತ್ತಾಳೆ, ಬೈಯುತ್ತಾ ಮತ್ತೆ ಹೊಲಿಯುತ್ತಾಳೆ. ಸರಿಯಿರುವ ಅಂಗಿಗೆ ಯಾರೂ ಏನೂ ಅಂಟಿಸುವುದಿಲ್ಲ. ಅದು ಸುಮ್ಮನೆ ಮುಂದಕ್ಕೆ ಹೋಗುತ್ತದೆ. ಹೊಗಳಿಕೆ ಎಂದರೆ ಅಲ್ಲಿ ಅಷ್ಟೇ.

ಅವಳ ಗಂಡ ಪುಸ್ತಕದ ಬೈಂಡಿಂಗ್ ಕೆಲಸದವನು. ಅಚ್ಚಾಗಿ ಬಂದ ದೊಡ್ಡ ಹಾಳೆ ಮಡಚಿದರೆ ಹದಿನಾರು ಪುಟ. ಅದಕ್ಕೆ ಫಾರಂ ಎನ್ನುತ್ತಾರೆ. ಫಾರಂಗಳನ್ನು ಸಾಲಾಗಿ ಜೋಡಿಸಿ, ಹೊಲಿದು, ಬೆನ್ನಿಗೆ ಅಂಟು ಬಳಿದು, ರಟ್ಟು ಹಾಕಿದರೆ ಪುಸ್ತಕ. ಜೋಡಿಸುವಾಗ ಒಂದು ಫಾರಂ ಬಿಟ್ಟುಹೋದರೆ ಆ ಪ್ರತಿ ರದ್ದಿಗೆ. ಅಂಥವನ್ನು ಮಾಲೀಕ ಕೆಲಸದವರಿಗೆ ಕೊಟ್ಟುಬಿಡುತ್ತಿದ್ದ. ಏಳು ಹೊಳೆಗಳ ಸೀಮೆಯ ಕಥೆ ಅವರ ಮನೆಗೆ ಬಂದದ್ದು ಹಾಗೆ. ಎರಡು ವರ್ಷಕ್ಕೊಂದರಂತೆ ಆರು ಸಂಪುಟ. ಊರನ್ನೇ ಬೆನ್ನ ಮೇಲೆ ಹೊತ್ತು ನಡೆಯುವ ಎತ್ತುಗಳು, ನೆರಳು ಕಳೆದುಕೊಂಡ ರಾಣಿ, ಕಿವಿಯಲ್ಲಿ ಮಾತಾಡುವ ಮಂಜು. ಅವನು ಗಟ್ಟಿಯಾಗಿ ಓದುತ್ತಿದ್ದ. ಅವಳು ತರಕಾರಿ ಹೆಚ್ಚುತ್ತಾ ಕೇಳುತ್ತಿದ್ದಳು.

ಪ್ರತಿ ಸಂಪುಟದಲ್ಲೂ ಎಲ್ಲೋ ಒಂದು ಕಡೆ ಹದಿನಾರು ಪುಟ ಇರುತ್ತಿರಲಿಲ್ಲ. ರಾಣಿ ಬಾವಿಯೊಳಗೆ ಬಿದ್ದಿರುತ್ತಾಳೆ. ಹಾಳೆ ತಿರುಗಿಸಿದರೆ ಕುದುರೆಯ ಮೇಲಿರುತ್ತಾಳೆ. ಅವನು ಕನ್ನಡಕ ತೆಗೆದು ಪಕ್ಕಕ್ಕಿಟ್ಟು, “ಈಗ ನೀನು ಹೇಳೇ. ಬಾವಿಯಿಂದ ಕುದುರೆ ಮೇಲೆ ಹೆಂಗೆ ಬಂದ್ಲು?” ಎನ್ನುತ್ತಿದ್ದ.

ಅವಳು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಬಾಯಿ ಬಂತು. ಅವಳು ಹೇಳುವಳು, ಅವನು ಅಡ್ಡಪ್ರಶ್ನೆ ಹಾಕುವನು. ಹಗ್ಗ ಯಾರು ಬಿಟ್ಟರು? ಒದ್ದೆ ಬಟ್ಟೆಯಲ್ಲಿ ಕುದುರೆ ಹತ್ತಲು ಆಗುತ್ತದೆಯೇ? ಉತ್ತರ ಸರಿಬಂದರೆ ಮಾತ್ರ ಮುಂದಿನ ಪುಟ. ಮಕ್ಕಳಿಲ್ಲದ ಆ ಮನೆಯಲ್ಲಿ ಗಂಡ ಹೆಂಡತಿ ಹೀಗೆ ಹನ್ನೊಂದು ವರ್ಷ ಇಲ್ಲದ ಪುಟಗಳನ್ನು ತುಂಬಿದರು.

ಐದನೇ ಸಂಪುಟದಲ್ಲಿ ಒಬ್ಬ ಅಂಬಿಗ ಬರುತ್ತಾನೆ. ಹೆಸರೂ ಇಲ್ಲದವನು. ದಂಡು ಅಟ್ಟಿಸಿಕೊಂಡು ಬರುವಾಗ ಮೂರು ಮಕ್ಕಳನ್ನು ದೋಣಿಗೆ ಹತ್ತಿಸಿಕೊಂಡು ಮಂಜಿನೊಳಕ್ಕೆ ಹೋಗುತ್ತಾನೆ. ಆರನೇ ಸಂಪುಟದಲ್ಲಿ ಆ ಮಕ್ಕಳು ದೊಡ್ಡವರಾಗಿ ಸೀಮೆಯನ್ನು ಆಳುತ್ತಾರೆ. ಅಂಬಿಗನ ಸುದ್ದಿ ಇಲ್ಲ.

ಆರನೆಯದನ್ನು ಅವರು ಓದಿ ಮುಗಿಸಿದ್ದು ಆಸ್ಪತ್ರೆಯಲ್ಲಿ. ಅವನಿಗೆ ಹೊಟ್ಟೆಯಲ್ಲಿ ಗಡ್ಡೆ. ಓದುವ ಶಕ್ತಿ ಇರಲಿಲ್ಲ, ಅವಳೇ ಅಕ್ಷರ ಕೂಡಿಸಿಕೊಂಡು ಓದಿದಳು. ಮುಗಿದ ಮೇಲೆ ಅವನು ಕೇಳಿದ, “ಅಂಬಿಗ ಏನಾದ್ನೇ?”

ಬಿಟ್ಟುಹೋದ ಫಾರಂನಲ್ಲಿ ಇರಬೇಕು, ಹುಡುಕಿ ಹೇಳುತ್ತೇನೆ ಎಂದಳು. ಎರಡು ದಿನ ಬಿಟ್ಟು ಅವನು ಹೋದ. ಮಂಗಳವಾರ, ಬೆಳಗ್ಗೆ ಹತ್ತೂಕಾಲು.

ತಿಂಗಳಾದ ಮೇಲೆ ಅವಳು ಬೈಂಡಿಂಗ್ ಅಂಗಡಿಗೆ ಹೋಗಿ ಮಾಲೀಕನನ್ನು ಆರನೇ ಸಂಪುಟದ ಒಂದು ಪೂರ್ತಿ ಪ್ರತಿ ಕೇಳಿದಳು. ಅವನು ಕೊಟ್ಟ. ಅಂಗಿ ನೋಡಿದ ಹಾಗೆ ನೋಡಿದಳು. ಒಂದರಿಂದ ನಾನೂರ ಹದಿನಾರರವರೆಗೆ ಒಂದು ಪುಟವೂ ತಪ್ಪಿರಲಿಲ್ಲ. ಅಂಬಿಗ ಎಲ್ಲಿಯೂ ಇರಲಿಲ್ಲ. ಬರೆದವನೇ ಅವನನ್ನು ಮರೆತಿದ್ದ. ಕೇಳೋಣವೆಂದರೆ ಆ ಲೇಖಕನೂ ತೀರಿಹೋಗಿದ್ದ.

ಗಂಡ ಸತ್ತಾಗ ಬಾರದ ಸಿಟ್ಟು ಅವಳಿಗೆ ಅವತ್ತು ಬಂತು.

ಆ ಸಿಟ್ಟನ್ನೆಲ್ಲ ಅವಳು ತೋಡಿಕೊಂಡದ್ದು ನಾದಿನಿಯ ಮುಂದೆ. ನಾದಿನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರೀಚಾರ್ಜ್ ಅಂಗಡಿ. ಬಾಯಿ ಜೋರು, ಕರುಳು ಮೆತ್ತಗೆ. ಏಳು ಹೊಳೆಗಳ ಸೀಮೆಯ ಹುಚ್ಚು ಹತ್ತಿದವರು ಊರೂರಲ್ಲೂ ಇದ್ದಾರೆ, ಅದೇ ಸೀಮೆಯ ಮೇಲೆ ತಾವೇ ಹೊಸ ಕಥೆ ಕಟ್ಟಿ ಫೋನಿನಲ್ಲಿ ಒಂದು ಕಡೆ ಹಾಕುತ್ತಾರೆ, ಒಬ್ಬರದನ್ನೊಬ್ಬರು ಓದುತ್ತಾರೆ ಎಂದು ಅವಳು ತಿಳಿಸಿದಳು. “ನೀನೂ ಅಲ್ಲಿ ಬರಿ ಅತ್ತಿಗೆ. ನನ್ನ ತಲೆ ತಿನ್ನೋದಾದ್ರೂ ತಪ್ಪುತ್ತೆ” ಎಂದು ಅದನ್ನು ಫೋನಿಗೆ ಹಾಕಿಕೊಟ್ಟಳು. ಬರೆಯುವುದು ಹೇಗೆಂದು ತೋರಿಸಿದಳು. ಉಳಿದದ್ದು ತೋರಿಸುವಷ್ಟರಲ್ಲಿ ಗಿರಾಕಿ ಬಂದರು.

ಭಾನುವಾರಕ್ಕೊಂದು ಅಧ್ಯಾಯ. ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ. ಅಂಬಿಗನಿಗೆ ಗಂಡನ ಕೈ ಕೊಟ್ಟಳು, ಉಗುರಿನ ಸಂದಿಯಲ್ಲಿ ಒಣಗಿದ ಅಂಟು ಇರುವ ಕೈ. ದೋಣಿಯ ಬಿರುಕಿಗೆ ಅಂಟು ಮೆತ್ತುವವನಿಗೂ ಅದು ಇರುತ್ತದೆ ಎಂದು ಅವಳ ಲೆಕ್ಕ. ಮಂಜಿನ ಬಗ್ಗೆ ಹೀಗೆ ಬರೆದಳು: ‘ಮಂಜಿನಲ್ಲಿ ದಡ ಕಾಣುವುದಿಲ್ಲ ಎಂದು ಮಕ್ಕಳು ಅತ್ತವು. ಅಂಬಿಗನಿಗೆ ಅದು ಹೊಸದಲ್ಲ. ಹುಟ್ಟು ಹಾಕುವವನು ಯಾವಾಗಲೂ ಹೋಗುವ ದಡಕ್ಕೆ ಬೆನ್ನು ಮಾಡಿಯೇ ಕೂತಿರುತ್ತಾನೆ.’ ಮನೆಯಲ್ಲಿ ಕಾಯುವ ಅಂಬಿಗನ ಹೆಂಡತಿಯ ಬಗ್ಗೆ ಹೀಗೆ: ‘ಹೋದವನ ಅಂಗಿಯನ್ನು ಒಗೆಯಬೇಕೋ ಬೇಡವೋ ಎಂದು ಯಾರೂ ಹೇಳಿಕೊಡುವುದಿಲ್ಲ.’

ಫೋನಿನ ಆ ಜಾಗದಲ್ಲಿ ಒಂದು ಪದ್ಧತಿ ಇತ್ತು. ಓದುವವರಿಗೆ ಯಾವ ಸಾಲು ಹಿಡಿಸಿತೋ ಆ ಸಾಲನ್ನು ಒತ್ತಬೇಕು. ಅದರ ಪಕ್ಕ ಒಂದು ಕೆಂಪು ಚುಕ್ಕೆ ಬೀಳುತ್ತದೆ. ಎಷ್ಟು ಜನ ಒತ್ತಿದರೆಂದು ಲೆಕ್ಕವೂ ಬೀಳುತ್ತದೆ. ಮೆಚ್ಚುಗೆಗೆ ಅಲ್ಲಿ ಬಣ್ಣ ಕೆಂಪು. ಇದನ್ನು ಅವಳಿಗೆ ಯಾರೂ ಹೇಳಲಿಲ್ಲ.

ಎರಡನೇ ವಾರ ತೆರೆದು ನೋಡಿದಳು. ಕೆಂಪು. ದಡಕ್ಕೆ ಬೆನ್ನು ಮಾಡಿದ ಸಾಲಿನ ಪಕ್ಕ ನಲವತ್ತೊಂದು. ಫ್ಯಾಕ್ಟರಿಯಲ್ಲಿ ಒಂದು ಅಂಗಿಗೆ ಮೂರು ಕೆಂಪು ಬಿದ್ದರೆ ಸೂಪರ್‌ವೈಸರ್ ಬರುತ್ತಾನೆ. ಅವಳ ಮುಖ ಸುಟ್ಟಂತಾಯಿತು. ಕೂತು ಆ ಸಾಲನ್ನು ಕಿತ್ತಳು. ಅದರ ಜಾಗಕ್ಕೆ ‘ದೋಣಿ ಮುಂದೆ ಹೋಯಿತು’ ಎಂದು ಸಾದಾ ಹೊಲಿಗೆ ಹಾಕಿದಳು. ಮಾರನೇ ವಾರ ಆ ಜಾಗದಲ್ಲಿ ಕೆಂಪು ಇರಲಿಲ್ಲ. ಸರಿಹೋಯಿತು ಎಂದುಕೊಂಡಳು. ಆದರೆ ಬೇರೆ ಕಡೆ ಬಿದ್ದಿತ್ತು. ಅದನ್ನೂ ಕಿತ್ತಳು. ಅಂಗಿಯ ಸಾಲಿಗೆ ಅರವತ್ತು ಬಿದ್ದಿತ್ತು. ಅದನ್ನು ಕೀಳುವಾಗ ಮಾತ್ರ ಕೈ ತಡೆಯಿತು. ಆದರೂ ಕಿತ್ತಳು. ನ್ಯಾಯ ಎಂದರೆ ನ್ಯಾಯ. ಊರವರ ಹೊಲಿಗೆ ಬಿಚ್ಚಿಸಿದವಳು ತನ್ನದನ್ನು ಬಿಚ್ಚದಿದ್ದರೆ ಹೇಗೆ?

ಕಥೆಯ ಕೆಳಗೆ ಅಭಿಪ್ರಾಯಗಳು ಎಂದು ಇನ್ನೊಂದು ಗುಂಡಿ ಇತ್ತು. ಅದರ ಮೇಲೆ ಇನ್ನೂರು ಚಿಲ್ಲರೆ ಎಂದು ತೋರಿಸುತ್ತಿತ್ತು. ಇನ್ನೂರು ಜನ ಬೈದದ್ದನ್ನು ಓದುವ ಧೈರ್ಯ ಅವಳಿಗಿರಲಿಲ್ಲ.

ಏಳನೇ ಅಧ್ಯಾಯಕ್ಕೆ ಕೈ ಸೋತಿತು. ಐದನೇ ಕ್ಲಾಸಿನವಳಿಗೆ ಇದೆಲ್ಲ ಯಾಕೆ ಬೇಕಿತ್ತು ಎನಿಸಿತು. ಮೂರು ಭಾನುವಾರ ಬರೆಯಲಿಲ್ಲ. ಅಂಬಿಗ ಮತ್ತೆ ನಡುಹೊಳೆಯಲ್ಲೇ ಉಳಿದ. ಮೊದಲು ಅವನನ್ನು ಲೇಖಕ ಬಿಟ್ಟಿದ್ದ, ಈಗ ಇವಳು. ಗಂಡನಿಗೆ ಕೊಟ್ಟ ಮಾತೂ ಹಾಗೇ ಉಳಿಯಿತು. ಕೊನೆಗೆ ನಾದಿನಿಯ ಅಂಗಡಿಗೆ ಹೋಗಿ, ಈ ಕಥೆಯನ್ನು ಪೂರ್ತಿ ಅಳಿಸಿಬಿಡು ಎಂದಳು.

ನಾದಿನಿ ಫೋನು ತೆಗೆದುಕೊಂಡು ನೋಡಿದಳು. ಮೇಲೆ ಕೆಳಗೆ ಉಜ್ಜಿದಳು. ಯಾಕೆ ಎಂದು ಕೇಳಿದಳು. ಇವಳು ಕೆಂಪನ್ನು ತೋರಿಸಿದಳು.

“ಇದನ್ನ ಏನು ಅಂದ್ಕೊಂಡೆ?”

“ತಪ್ಪು.”

“ಯಾರು ಹೇಳಿದ್ದು?”

“ಯಾರು ಹೇಳ್ಬೇಕು? ಹತ್ತೊಂಬತ್ತು ವರ್ಷದಿಂದ ನಾನೇ ಅಂಟಿಸ್ತಿಲ್ವಾ?”

ನಾದಿನಿ ಕೌಂಟರಿನ ಮೇಲೆ ತಲೆ ಇಟ್ಟು ನಕ್ಕಳು. ರೀಚಾರ್ಜಿಗೆ ಬಂದವನು ಏನೂ ತಿಳಿಯದೆ ತಾನೂ ನಕ್ಕ. ಕಣ್ಣೊರೆಸಿಕೊಂಡು ಅವಳು ಹೇಳಿದಳು, “ಅತ್ತಿಗೆ, ಅದು ಚೆನ್ನಾಗಿದೆ ಅಂತ ಹಾಕೋದು. ಪೈರು ಕಿತ್ತು ಕಳೆ ಉಳಿಸ್ಕೊಂಡಿದೀಯಲ್ಲ ನೀನು.”

ಇವಳು ನಗಲಿಲ್ಲ. ಗಿರಾಕಿಗೆ ಇಟ್ಟಿದ್ದ ಸ್ಟೂಲಿನ ಮೇಲೆ ಕೂತಳು.

ನಾದಿನಿ ಅಭಿಪ್ರಾಯಗಳ ಗುಂಡಿ ಒತ್ತಿ ಓದತೊಡಗಿದಳು. ಮೊದಲು ತಮಾಷೆಯ ದನಿಯಲ್ಲಿ. ಆಮೇಲೆ ದನಿ ಇಳಿಯಿತು. ಕ್ರೇನ್ ನಡೆಸುವವನೊಬ್ಬ ಬರೆದಿದ್ದ: ನಾನು ಮೇಲೆ ಕ್ಯಾಬಿನ್ನಿನಲ್ಲಿ ಕೂತು ಓದುತ್ತೇನೆ, ಕೆಳಗಿನವರು ವಾಕಿಟಾಕಿಯಲ್ಲಿ ಅಂಬಿಗ ಎಲ್ಲಿಯವರೆಗೆ ಬಂದ ಎಂದು ಕೇಳುತ್ತಾರೆ. ಒಬ್ಬ ನರ್ಸ್ ಬರೆದಿದ್ದಳು: ಅಂಗಿಯ ಸಾಲು ಎಲ್ಲಿ ಹೋಯಿತು? ವಾರ್ಡಿನಿಂದ ಖಾಲಿ ಕೈಯಲ್ಲಿ ಮನೆಗೆ ಹೋಗುವ ಹೆಂಗಸರಿಗೆ ಏನು ಹೇಳಬೇಕೆಂದು ನನಗೆ ಇಷ್ಟು ವರ್ಷ ತಿಳಿದಿರಲಿಲ್ಲ, ಆ ಸಾಲನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಒಳ್ಳೆಯ ಸಾಲುಗಳೇ ವಾರವಾರ ಕಾಣೆಯಾಗುವುದನ್ನು ಕಂಡು ಯಾರೋ ಇವರನ್ನು ಹೆದರಿಸುತ್ತಿದ್ದಾರೆ ಎಂದು ಕೆಲವರು ಜಗಳಕ್ಕೇ ನಿಂತಿದ್ದರು. ಇನ್ನು ಕೆಲವರು ಅದಕ್ಕಿಂತ ದೊಡ್ಡ ಕೆಲಸ ಮಾಡಿದ್ದರು. ಕಿತ್ತ ಸಾಲುಗಳನ್ನು ನೆನಪಿನಿಂದ ತೆಗೆದು, ನಿನಗೆಷ್ಟು ನೆನಪಿದೆ ನನಗೆಷ್ಟು ನೆನಪಿದೆ ಎಂದು ಕೂಡಿಸಿ, ಅಧ್ಯಾಯದ ಪ್ರಕಾರ ಒಂದೇ ಕಡೆ ಬರೆದಿಟ್ಟಿದ್ದರು. ಮೂವತ್ತೇಳು ಸಾಲು.

ತಾನು ಕಸಕ್ಕೆ ಹಾಕಿದ್ದನ್ನು ಗುರುತಿಲ್ಲದ ಜನ ಎತ್ತಿಟ್ಟುಕೊಂಡಿದ್ದರು.

“ಅಂಬಿಗ ಏನಾದ ಅಂತ ಎಷ್ಟು ಜನ ಕೇಳಿದಾರೆ?” ಎಂದಳು.

“ಎಲ್ಲಾರೂ” ಎಂದಳು ನಾದಿನಿ.

ಆ ಭಾನುವಾರ ಅವಳು ಮೂವತ್ತೇಳು ಸಾಲನ್ನೂ ವಾಪಸ್ ಹೊಲಿದಳು. ಕುರುಡಾಗಿ ಹೊಲಿಯಲಿಲ್ಲ. ಜನ ತಪ್ಪಾಗಿ ನೆನಪಿಟ್ಟುಕೊಂಡ ಕಡೆ ತಿದ್ದಿದಳು. ಒಂದು ಸಾಲಿನಲ್ಲಿ ಕ್ರೇನಿನವನು ನೆನಪು ತಪ್ಪಿ ಹಾಕಿದ ಪದ ಅವಳದಕ್ಕಿಂತ ಚೆನ್ನಾಗಿತ್ತು. ಅದನ್ನು ಹಾಗೇ ಬಿಟ್ಟಳು. ಆಮೇಲೆ ಮುಂದಿನ ಅಧ್ಯಾಯಕ್ಕೆ ಕೈ ಹಾಕಿದಳು.

ಐದು ವಾರದಲ್ಲಿ ಕಥೆ ಮುಗಿಯಿತು. ಅಂಬಿಗ ಮಕ್ಕಳನ್ನು ಇಳಿಸಿ, ತಾನು ಇಳಿಯದೆ, ಮಂಜಿನೊಳಕ್ಕೆ ತಿರುಗಿ ಬರುತ್ತಾನೆ. ಬೇಕೆಂದೇ ಹುಟ್ಟಿನ ಸದ್ದು ಮಾಡುತ್ತಾ ದಂಡಿನ ದೋಣಿಗಳನ್ನು ತನ್ನ ಹಿಂದೆ ಎಳೆದುಕೊಂಡು ಹೋಗಿ, ಹೊಳೆ ಕವಲೊಡೆಯುವಲ್ಲಿ ದಾರಿ ತಪ್ಪಿಸುತ್ತಾನೆ. ಓದುವವರೆಲ್ಲ ಅವನು ಸಾಯುತ್ತಾನೆ ಎಂದುಕೊಂಡಿದ್ದರು. ಸಾಯಿಸಬೇಡಿ ಎಂದು ಕೆಲವರು ಬೇಡಿಕೊಂಡಿದ್ದರು. ಸಾಯಿಸಿದರೇ ಕಥೆಗೆ ತೂಕ ಎಂದು ಒಬ್ಬ ಬುದ್ಧಿವಂತ ಬರೆದಿದ್ದ. ಅವಳು ಯಾರ ಮಾತನ್ನೂ ಕೇಳಲಿಲ್ಲ. ಆಸ್ಪತ್ರೆಯಲ್ಲಿ ಅವಳ ಕೈಯಲ್ಲಿ ಏನೂ ಇರಲಿಲ್ಲ. ಇಲ್ಲಿ ಎಲ್ಲವೂ ಅವಳ ಕೈಯಲ್ಲಿತ್ತು. ಅಂಬಿಗನನ್ನು ದಡ ಮುಟ್ಟಿಸಿದಳು. ಬದುಕಿಸಿಯೇ ಮುಟ್ಟಿಸಿದಳು. ಅವನು ಮನೆಯ ಬಾಗಿಲು ತಟ್ಟಿದಾಗ ಹೆಂಡತಿ ಏನಂದಳು ಎಂಬುದೇ ಕೊನೆಯ ಸಾಲು: ‘ಕಾಲು ಒರೆಸಿಕೊಂಡು ಬನ್ನಿ.’

ಆ ಸಾಲಿಗೆ ಸಾವಿರದ ಇನ್ನೂರು ಕೆಂಪು ಬಿದ್ದವು. ಆ ಸಾಲನ್ನು ಅವಳು ಕೀಳಲಿಲ್ಲ.

ಸುದ್ದಿ ಫ್ಯಾಕ್ಟರಿಗೂ ಬಂತು. ಕಾಲರ್ ಹೊಲಿಯುವವಳು ಊಟದ ಹೊತ್ತಿನಲ್ಲಿ ಫೋನು ಹಿಡಿದು ಬಂದು, ಅಂಬಿಗನನ್ನು ಬದುಕಿಸಿದವಳು ನೀನೇನಾ ಎಂದು ಕೇಳಿದಳು. ಅವಳ ಕಣ್ಣು ಊದಿತ್ತು. ಇವಳು ಹೌದೆಂದಳು. “ಬೆಳಗ್ಗೆ ನಿನ್ನ ಆರು ಕಾಲರ್ ಎಡಕ್ಕೆ ಓಡಿದಾವೆ, ಬಿಚ್ಚು” ಎಂದೂ ಹೇಳಿದಳು.

ಏಳು ಹೊಳೆಗಳ ಸೀಮೆಯ ಓದುಗರು ವರ್ಷಕ್ಕೊಮ್ಮೆ ಒಂದು ಶಾಲೆಯ ಸಭಾಂಗಣದಲ್ಲಿ ಸೇರುತ್ತಾರೆ. ಆ ವರ್ಷದ ಒಳ್ಳೆಯ ಕಥೆಯನ್ನು ಓದಿದವರೇ ಓಟು ಹಾಕಿ ಆರಿಸುತ್ತಾರೆ. ಇದನ್ನೆಲ್ಲ ನಡೆಸುವವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಆ ವರ್ಷ ಎರಡನೇ ಸ್ಥಾನದ ಕಥೆಗೆ ಬಿದ್ದ ಓಟಿಗಿಂತ ಅವಳದಕ್ಕೆ ನಾಲ್ಕು ಪಟ್ಟು ಹೆಚ್ಚು ಬಿದ್ದಿತ್ತು. ನಾದಿನಿ ಅಂಗಡಿ ಮುಚ್ಚಿ ಅವಳನ್ನು ಕರೆದುಕೊಂಡು ಹೋದಳು. ಸಭಾಂಗಣ ತುಂಬಿತ್ತು. ಗೋಡೆಗೆ ಒರಗಿ ನಿಂತವರೇ ನೂರು ಜನ. ಮೇಷ್ಟ್ರು ಅವಳನ್ನು ಮೇಲೆ ಕರೆದು, ಕಟ್ಟು ಹಾಕಿಸಿದ ಮೆಚ್ಚುಗೆ ಪತ್ರವನ್ನು ಕೈಗೆ ಕೊಟ್ಟರು. ಅವಳು ಅದನ್ನು ಬೆಳಕಿಗೆ ಹಿಡಿದು ಅಂಚಿನಿಂದ ಅಂಚಿಗೆ ಓದಿದಳು. ಓದಿ ಮೇಷ್ಟ್ರ ಕೈಗೇ ಮರಳಿ ಕೊಟ್ಟಳು.

ಮೇಷ್ಟ್ರು ಪತ್ರವನ್ನು ತಾವೂ ಒಮ್ಮೆ ಓದಿದರು.

“ಅಕ್ಷರ ತಪ್ಪಾಯ್ತಾ ತಾಯಿ?” ಎಂದರು ಮೇಷ್ಟ್ರು.

“ಅಕ್ಷರ ಸರಿ ಇದೆ ಮೇಷ್ಟ್ರೇ. ಆಳು ಒಬ್ಬರು ಕಮ್ಮಿ.”

“ಯಾರು?”

“ನಮ್ಮನೆಯವರು. ಅಂಬಿಗ ಏನಾದ ಅಂತ ಮೊದಲು ಕೇಳಿದ್ದು ಅವರು. ಅವರು ಕೇಳದೇ ಇದ್ದಿದ್ರೆ ನಾನೆಲ್ಲಿ ಬರೀತಿದ್ದೆ?”

ಮೇಷ್ಟ್ರಿಗೆ ಪೇಚಾಟ. ಪತ್ರಕ್ಕೆ ಒಂದೇ ಹೆಸರು, ಅದೂ ಬರೆದವರದು, ಇಷ್ಟು ವರ್ಷದ ನಿಯಮ ಅದು ಎಂದರು. ಅವಳು ವಾದಿಸಲಿಲ್ಲ, ಕೈಯನ್ನೂ ಚಾಚಲಿಲ್ಲ. ಚೆಕಿಂಗ್ ಟೇಬಲ್ಲಿನ ಮುಂದೆ ನಿಂತ ಹಾಗೆ ನಿಂತಳು. ಹತ್ತೊಂಬತ್ತು ವರ್ಷ ನಿಂತ ಕಾಲು ಅದು, ಇನ್ನೂ ನಿಲ್ಲಬಲ್ಲದು.

ಮೂರನೇ ಸಾಲಿನಲ್ಲಿ ಬಿಳಿ ಬಟ್ಟೆಯ ಹೆಂಗಸೊಬ್ಬಳು ಎದ್ದು, “ಬರೀರಿ ಮೇಷ್ಟ್ರೇ” ಎಂದಳು. ಡ್ಯೂಟಿಯಿಂದ ನೆಟ್ಟಗೆ ಬಂದಿದ್ದ, ಅಂಗಿಯ ಸಾಲಿನ ನರ್ಸ್. ಹಿಂದಿನಿಂದ ಇನ್ನೊಂದು ದನಿ ಅದನ್ನೇ ಹೇಳಿತು. ಆಮೇಲೆ ಕುರ್ಚಿಗಳು ಸರಿದ ಸದ್ದು. ಕೂತವರೆಲ್ಲ ಎದ್ದು ನಿಂತಿದ್ದರು.

ಮೇಷ್ಟ್ರು ಗಾಜು ಬಿಚ್ಚಿ ಪತ್ರ ಹೊರತೆಗೆದರು. ಜೇಬಿನಿಂದ ಪೆನ್ನು ತೆಗೆದು ಹೆಸರು ಕೇಳಿದರು. ಅವಳು ಮೈಕಿನ ಹತ್ತಿರ ಬಾಯಿ ತಂದು, ಒಂದೊಂದೇ ಅಕ್ಷರ ಬಿಡಿಸಿ ಗಂಡನ ಹೆಸರು ಹೇಳಿದಳು. ಅವರು ದುಂಡಗೆ ಬರೆದರು. ಬೈಂಡರ್ ಎಂದೂ ಸೇರಿಸಿ ಎಂದಳು. ಸೇರಿಸಿದರು.

ಅವಳು ತೆಗೆದುಕೊಂಡು ಇನ್ನೊಮ್ಮೆ ಓದಿದಳು. ಸರಿಯಿತ್ತು. ಶಾಯಿ ಒರೆಸಿಹೋಗದಂತೆ ಅಂಚು ಹಿಡಿದು, ಗೋಡೆಗೆ ಒರಗಿ ನಿಂತವರಿಗೂ ಕಾಣುವಷ್ಟು ಎತ್ತರಕ್ಕೆ ಎತ್ತಿದಳು.