ಜಿನ್ನಿಂಗ್ ಫ್ಯಾಕ್ಟರಿಯ ತೋಳ

ಹುಣ್ಣಿಮೆಯ ದಿನ ಮನುಷ್ಯ ತೋಳನಾಗುವ ಕಥೆ ಹೇಳಿ ಆಲಮೇಲದ ನನ್ನ ಅಜ್ಜಿ ನಮ್ಮನ್ನು ಹೆದರಿಸುತ್ತಿದ್ದಳು. ನನ್ನ ಯಜಮಾನರು ಹುಣ್ಣಿಮೆಯವರೆಗೂ ಕಾಯಲಿಲ್ಲ. ಸಿಂದಗಿಯ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಮ್ಯಾನೇಜರನ ಕುರ್ಚಿ ಖಾಲಿಯಾಗಿದೆ ಎಂದು ತಿಳಿದ ದಿನವೇ ತೋಳನಾದರು.

ಅರವತ್ತರ ದಶಕದ ಆರಂಭ, ನಮ್ಮ ಮದುವೆಯಾದ ಹೊಸತು. ಯಜಮಾನರು ಅಲ್ಲಿ ಗುಮಾಸ್ತರು. ಸಂಜೆ ಶೇಂಗಾ ಸುಲಿಯುತ್ತ ಹಾಡುವ, ಕೂಲಿಯವರ ಜೊತೆ ಕೂತು ಬುತ್ತಿ ಬಿಚ್ಚುವ ಮನುಷ್ಯ. ಮ್ಯಾನೇಜರ್ ಅಂದರೆ ಜನ ಅಂಜಬೇಕು ಎಂದು ಯಾರೋ ಅವರ ತಲೆಯಲ್ಲಿ ತುಂಬಿದರು. ಅಂದಿನಿಂದ ಕನ್ನಡಿ ಮುಂದೆ ನಿಂತು ಹುಬ್ಬು ಗಂಟಿಕ್ಕುವುದು, ಹಲ್ಲು ಕಡಿಯುವುದು ಶುರುವಾಯಿತು. ಫ್ಯಾಕ್ಟರಿಯಲ್ಲಿ ಮಾಲೀಕರೆದುರು ಬಾಗಿ, ಉಳಿದ ಎಲ್ಲರ ಮೇಲೂ ಹರಿಹಾಯ್ದು, ಬುತ್ತಿಯನ್ನು ಬಾಗಿಲು ಹಾಕಿಕೊಂಡು ಒಬ್ಬರೇ ತಿಂದರು. ರೊಟ್ಟಿ ದಪ್ಪವಾಯಿತೆಂದು ನನ್ನ ಮೇಲೂ ಗುರ್ ಎಂದರು. ನನಗೆ ಮೈಯೆಲ್ಲ ಉರಿಯಿತು. ಆ ಕುರ್ಚಿ ಸಿಕ್ಕರೆ ಹಾಡುವ ಗಂಡ ಮತ್ತೆ ಸಿಗುವುದಿಲ್ಲ ಎಂಬ ಭಯವೂ ಆಯಿತು.

ಅಷ್ಟರಲ್ಲಿ ಹೋಳಿ ಬಂತು. ನಮ್ಮ ಕಡೆ ಹೋಳಿಗೆ ಸೋಗು ಹಾಕಿದವರು ಯಾರನ್ನು ಅಣಕಿಸಿದರೂ ಅವರು ಸಿಟ್ಟಾಗುವಂತಿಲ್ಲ. ಫ್ಯಾಕ್ಟರಿಯ ಮಿಸ್ತ್ರಿ, ನಮ್ಮ ಓಣಿಯ ಮುಸ್ಲಿಂ ನೆರೆಯವ, ಹಿತ್ತಲ ಬಾಗಿಲಿಗೆ ಬಂದ.

“ವೈನಿ, ಅಣ್ಣಾರ ಹಳೇ ಕೋಟ್ ಒಂದಿನ ಕೊಡ್ತೀರೇನು? ತೋಳದ ಸೋಗು ಹಾಕೂದೈತಿ.”

“ಒಯ್ಯಪಾ,” ಅಂದೆ.

ಹೊಸ ಮ್ಯಾನೇಜರನನ್ನು ಆರಿಸಲು ಮಾಲೀಕರು ಹೋಳಿಯ ದಿನವೇ ವಿಜಾಪುರದಿಂದ ಬಂದಿದ್ದರು. ಹತ್ತಿ ಆರಿಸುವ ಹೆಂಗಸರ ನಡುವೆ ನಾನೂ ಹೋಗಿ ನಿಂತೆ. ಹಲಗೆ ಬಡಿತದ ಜೊತೆ ತೋಳ ಅಂಗಳಕ್ಕೆ ಬಂತು. ಮೈಗೆ ಕರಿ ಕಂಬಳಿ, ಮೇಲೆ ಯಜಮಾನರ ಕೋಟು, ಹಿಂದೆ ಉದ್ದನೆಯ ಬಾಲ. ಸಿಕ್ಕ ಸಿಕ್ಕ ಕೂಲಿಯವರ ಮೇಲೆ ಎಗರಿ, ಬುತ್ತಿಯನ್ನು ಮರೆಯಲ್ಲಿ ತಿಂದು, ಯಜಮಾನರ ಕುರ್ಚಿ ಏರಿ ಊಳಿಟ್ಟಿತು. ಮಾಲೀಕರು ಹತ್ತಿರ ಬಂದದ್ದೇ ತಡ, ಕೆಳಗಿಳಿದು ಅವರ ಬೂಟು ಮೂಸಿ ಬಾಲ ಅಲ್ಲಾಡಿಸಿತು.

ನಗುತ್ತಿದ್ದವರೆಲ್ಲ ಯಜಮಾನರತ್ತ ತಿರುಗಿದರು. ಅವರ ಮುಖ ಕೆಂಪಾಗಿತ್ತು. ನಕ್ಕರೆ ಕುರ್ಚಿ ಹೋಗುತ್ತದೆ, ಸಿಟ್ಟಾದರೆ ಜನ ದೂರವಾಗುತ್ತಾರೆ. ನಾನು ಸೆರಗು ಬಾಯಿಗಿಟ್ಟು ನಿಂತೆ. ಅವರು ಟೊಪ್ಪಿಗೆ ತೆಗೆದಿಟ್ಟು ತೋಳದ ಪಕ್ಕ ಮೊಣಕಾಲೂರಿದರು. ಬಾಯಿಗೆ ಅಂಗೈ ಬಡಿದುಕೊಂಡು ಹೋಳಿಯ “ಲಬೋ ಲಬೋ” ಹೊಡೆದರು. ಅಂಗಳದವರೆಲ್ಲ ದನಿಗೂಡಿಸಿದರು.

ಮಾಲೀಕರೂ ಕಣ್ಣೀರು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ, “ನಿನಗ ಯಾರೂ ಅಂಜೂದಿಲ್ಲ ಬಿಡು,” ಅಂದು ಕುರ್ಚಿಯನ್ನು ತಮ್ಮ ಅಳಿಯನಿಗೆ ಕೊಟ್ಟರು. ಆ ಅಳಿಯ ನಕ್ಕಿದ್ದನ್ನು ನಾನಂತೂ ನೋಡಿಲ್ಲ.

ಸಂಜೆ ಯಜಮಾನರು ಕೋಟು ಹೆಗಲಿಗೆ ಹಾಕಿಕೊಂಡು ಮನೆಗೆ ಬಂದರು. ಬಾಲ ಇನ್ನೂ ಅದಕ್ಕೆ ಜೋತಾಡುತ್ತಿತ್ತು. ಶೇಂಗಾ ಬುಟ್ಟಿ ಎಳೆದುಕೊಂಡು ಸುಲಿಯುತ್ತ ಕೂತರು. ಆಮೇಲೆ ಬಾಲವನ್ನು ತಿರುವಿ ನೋಡಿದರು. ನಾವು ಹೊದೆಯುವ ಕೌದಿಗೆ ನಾನು ಹಾಕಿದ್ದ ಹೊಲಿಗೆಯೇ ಅಲ್ಲಿತ್ತು.

“ಇಷ್ಟು ಗಟ್ಟಿ ಯಾಕ ಹೊಲದೀ?”

“ನೀವು ಭಾಳ ಅಲ್ಲಾಡಸ್ತೀರಲ್ಲ, ಅದಕ್ಕರಿ.”

ಒಂದು ಶೇಂಗಾ ನನ್ನತ್ತ ಎಸೆದರು. ಆಮೇಲೆ ಹಾಡತೊಡಗಿದರು.