ಮುನಿರಾಜಣ್ಣನ ಯುದ್ಧದ ಅಡುಗೆಯವನು

ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು, ಸ್ವೆಟರ್ ಮೇಲೆ ಸ್ವೆಟರ್ ಏರಿಸಿಕೊಂಡು, ದೇವನಹಳ್ಳಿ ಪಕ್ಕದ ವಿಜಯಪುರದ ಬೀದಿಯಲ್ಲಿ ಗಂಭೀರವಾಗಿ ನಡೆದುಹೋಗುತ್ತಿದ್ದ ಮುನಿರಾಜಣ್ಣನ ಚಿತ್ರ ನನ್ನ ಕಣ್ಣಲ್ಲಿ ಇನ್ನೂ ಇದೆ. ನಿಜಕ್ಕೂ ಎರಡು ಸ್ವೆಟರ್ ಇತ್ತೋ, ಇದ್ದ ಒಂದಕ್ಕೆ ನನ್ನ ನೆನಪೇ ಇನ್ನೊಂದನ್ನು ಹೆಣೆದುಕೊಟ್ಟಿತೋ ಹೇಳಲಾರೆ. ಆ ದಿನದ ನನ್ನ ಡೈರಿಯಲ್ಲಿ ‘ಮುನಿರಾಜಣ್ಣ, ದ್ರಾಕ್ಷಿ, ಚಳಿ’ ಎಂದಷ್ಟೇ ಇದೆ.

ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಲು ಈ ಊರಿಗೆ ಬಂದ ನಾನು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದ ಮೇಲೆ ಅವರು ಯುದ್ಧದ ಕಾದಂಬರಿ ಬರೆಯಲು ಕೂತಿದ್ದರು. ಸೈನ್ಯವನ್ನು ಅವರು ಕಂಡದ್ದು ಟೀವಿಯಲ್ಲಿ ತೋರಿಸುವ ಕವಾಯತಿನಲ್ಲಿ. ಹಿಮವನ್ನು ಅಲ್ಲೂ ಸರಿಯಾಗಿ ಕಂಡಿರಲಿಲ್ಲ. ಹಾಗಾಗಿ ಊರಾಚೆ ದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನವರನ್ನು ಒಪ್ಪಿಸಿ, ಕ್ರೇಟುಗಳ ನಡುವೆ ಕುರ್ಚಿ ಹಾಕಿಸಿಕೊಂಡು ಕೂತು ಬಂದರು.

“ಚಳಿ ಅಂದ್ರೆ ಹಲ್ಲು ಕಟಕಟ ಅಂತು ಅಂತ ಎಲ್ರೂ ಬರೀತಾರೆ ಮೇಡಂ. ಸುಳ್ಳು. ಮೊದ್ಲು ಹೆಬ್ಬೆರಳು ಹೋಗುತ್ತೆ. ಪೆನ್ನು ಹಿಡಿದಿದೀನೋ ಬಿಟ್ಟಿದೀನೋ ಗೊತ್ತೇ ಆಗಲ್ಲ. ಅಂಥೋನು ಬಂದೂಕ ಹೆಂಗೆ ಹಿಡೀತಾನೆ?”

“ಗಡಿಯಲ್ಲಿ ದ್ರಾಕ್ಷಿ ವಾಸನೆ ಇರಲ್ವಲ್ಲ ಮುನಿರಾಜಣ್ಣ.”

“ಅದನ್ನ ಕಳೆದು ಬರ್ಕೊಂಡಿದೀನಿ” ಎಂದರು.

ಅವರ ಯುದ್ಧದಲ್ಲಿ ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯುತ್ತಿತ್ತು. ಒಂದು ತುಕಡಿ ಬಂದು ಸೇರುವ ತನಕ ಇನ್ನೊಂದು ತುಕಡಿ ಕದಲುತ್ತಿರಲಿಲ್ಲ. ತಡವಾಗಿ ಬಂದ ಸಿಪಾಯಿ ಕಾರಣ ಹೇಳಿ ಸಹಿ ಹಾಕಬೇಕಿತ್ತು. ಹಸ್ತಪ್ರತಿಯನ್ನು ನನಗೆ ತಿದ್ದಲು ಕೊಟ್ಟಾಗ ಒಂದು ಕಡೆ ಕೇಳಿದೆ: “ಇಲ್ಲಿ ಸುಬೇದಾರರು ‘ಗಾಡಿ ಬಿಡ್ರಪ್ಪಾ’ ಅಂತಾರಲ್ಲ, ಇವರು ಬೆಟ್ಟ ಹತ್ತುತಾ ಇದಾರೆ.” ಅವರು ಬಹಳ ಹೊತ್ತು ಯೋಚಿಸಿ, ತಿದ್ದುತ್ತೇನೆ ಎಂದು ಒಯ್ದರು. ಮರುದಿನ ನೋಡಿದರೆ ಗಾಡಿ ಹೋಗಿತ್ತು, “ಬಿಡ್ರಪ್ಪಾ” ಉಳಿದಿತ್ತು.

ಬರೆದದ್ದನ್ನು ಸಂಜೆ ಹೆಂಡತಿಗೆ, ನಾನು ಅಕ್ಕ ಎನ್ನುತ್ತಿದ್ದ ಲಕ್ಷ್ಮೀದೇವಮ್ಮನಿಗೆ, ಓದಿ ಹೇಳಬೇಕು. ಕಣ್ಣಿನ ಪೊರೆ ತೆಗೆಸಿದ ಮೇಲೂ ಅಕ್ಕನಿಗೆ ಸಣ್ಣ ಅಕ್ಷರ ಕೂಡುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ರೇಷ್ಮೆ ಹುರಿ ಮಾಡುವ ಮಷಿನ್ನಿನ ಸದ್ದು ಬೇರೆ. ಅದನ್ನು ಮೀರಲು ಮುನಿರಾಜಣ್ಣ ನಿಲ್ದಾಣದ ಮೈಕಿನ ಕಂಠ ತೆಗೆಯುತ್ತಿದ್ದರು. ಹೀಗಾಗಿ ಮಹಡಿಯಲ್ಲಿದ್ದ ನನಗೂ ಯುದ್ಧ ತಪ್ಪುತ್ತಿರಲಿಲ್ಲ. ಒಂದು ಸಂಜೆ ಗುಂಡಿನ ಮಳೆ ಸುರಿಯುತ್ತಿರುವಾಗ, ಕಾಯಿ ಸುಲಿಯುತ್ತಿದ್ದ ಅಕ್ಕನ ದನಿ ಕೇಳಿಸಿತು.

“ಅವತ್ತಿಂದ ಬೆಟ್ಟದ ಮೇಲವ್ರೆ. ಊಟಕ್ಕೇನ್ ಮಾಡಿದ್ರು?”

“ಯುದ್ಧ ಕಣೇ ಅದು.”

“ಯುದ್ಧ ಅಂತ ಹೊಟ್ಟೆನ ಮನೇಲಿ ಬಿಟ್ಟು ಹೋಗಿದ್ರಾ?”

ಮುನಿರಾಜಣ್ಣ ಎರಡು ಅಧ್ಯಾಯ ಹರಿದು ಹಾಕಿದರು. ಅಲ್ಲಿ ಹುಟ್ಟಿದವನು ಅಡುಗೆಯ ಪಾಪಣ್ಣ. ಹಿಮದಲ್ಲಿ ಒಲೆ ಹೂಡುವ, ಬೇಳೆ ಬೇಯಲಿಲ್ಲವೆಂದು ಬೆಟ್ಟವನ್ನೇ ಬೈಯುವ, ಸುಬೇದಾರನಿಗೂ “ತಟ್ಟೆ ತೊಳ್ಕೊಂಬಾ” ಎನ್ನುವ ಪಾಪಣ್ಣ. ಅಕ್ಕನಿಗೆ ಕಾದಂಬರಿಯೆಂದರೆ ಇನ್ನು ಅವನೇ. ಸಂಜೆಯಾದರೆ “ಪಾಪಣ್ಣ ಏನಂದ ಇವತ್ತು?” ಎಂದು ಅವರೇ ಕೇಳುವರು. ಕಥೆಯ ದಾರಿ ಎತ್ತ ಹೋಗುತ್ತಿದೆಯೆಂದು ಅನುಮಾನ ಬಂದಿರಬೇಕು, ಒಮ್ಮೆ ಹೇಳಿಯೂಬಿಟ್ಟರು: “ಅವನಿಗೇನಾದ್ರೂ ಆಯ್ತು, ಆಮೇಲೆ ನಂಗೆ ಓದೋಕ್ ಬರ್ಬೇಡಿ.”

ಮುನಿರಾಜಣ್ಣನಿಗಿದ್ದ ಓದುಗರೇ ಇಬ್ಬರು. ಅದರಲ್ಲಿ ನಾನು ತಪ್ಪು ಹುಡುಕುವವಳು.

ಕಷ್ಟ ಬಂದದ್ದು ಕೊನೆಯ ಅಧ್ಯಾಯದಲ್ಲಿ. ಎದುರಿನ ಬೆಟ್ಟದಿಂದ ಶತ್ರು ದುರ್ಬೀನಿನಲ್ಲಿ ನೋಡುತ್ತಿದ್ದಾನೆ. ತುಕಡಿ ಅವನಿಗೆ ತಿಳಿಯದಂತೆ ಹಿಂದಿನಿಂದ ಇಳಿದು ಸುತ್ತುಹಾಕಬೇಕು. ಪಾಪಣ್ಣನ ಒಲೆಯಿಂದ ಹೊಗೆ ಏಳುತ್ತಿದ್ದರೆ ಎಲ್ಲರೂ ಅಲ್ಲೇ ಇದ್ದಾರೆಂದು ಶತ್ರು ನಂಬುತ್ತಾನೆ. ಆದರೆ ಒಲೆಗೆ ಸೌದೆ ಹಾಕುತ್ತ ಉಳಿದವನು ತಿರುಗಿ ಬರುವ ಹಾಗಿಲ್ಲ.

“ಒಲೆ ತಾನಾಗೇ ಉರಿದ್ರೆ?” ಎಂದು ನಾನೇ ದಾರಿ ತೋರಿಸಿದೆ ಎಂದು ನನ್ನ ನೆನಪು. ಅವರೇ ಯೋಚಿಸಿದ್ದೂ ಇರಬಹುದು, ಒಳ್ಳೆಯ ಮಾತುಗಳನ್ನೆಲ್ಲ ನನ್ನ ಖಾತೆಗೆ ಹಾಕಿಕೊಳ್ಳುವ ಚಾಳಿ ನನಗಿದೆ. ಅಂತೂ ಮುನಿರಾಜಣ್ಣ ಹಸಿ ಹಿಪ್ಪುನೇರಳೆ ಕಡ್ಡಿ ತರಿಸಿ ತಾರಸಿಯ ಮೇಲೆ ಹೊತ್ತಿಸಿ, ನಿಲ್ದಾಣದ ಕಾಲದ ಕೈಗಡಿಯಾರ ನೋಡುತ್ತ ನಿಂತರು. ಹೊಗೆ ಪಕ್ಕದ ಮನೆಯ ಬಟ್ಟೆಗೆಲ್ಲ ಕವಿಯಿತು.

“ಏನ್ ಮುನಿರಾಜಣ್ಣ, ಮನೆಗೆ ಬೆಂಕಿ ಇಕ್ಕೊಂಡ್ಯಾ?” ಎಂದು ಮಷಿನ್ನಿನ ಮನೆಯ ಬಾಷಾ ಕೂಗಿದರು.

“ಯುದ್ಧ ಕಣಪ್ಪಾ, ಸ್ವಲ್ಪ ತಡ್ಕೊ.”

“ನಿನ್ ಯುದ್ಧದಲ್ಲಿ ನನ್ ಲುಂಗಿ ಯಾಕೆ ಸಾಯ್ಬೇಕು?”

ಕಡ್ಡಿ ಹಾಕುವ ಕೈ ಇಲ್ಲದೆ ಹೊಗೆ ಉಳಿಯುತ್ತಿರಲಿಲ್ಲ. ಬಾಷಾರ ಬಟ್ಟೆ ಒಣಗುವ ಮೊದಲೇ ಅದು ಆರಿಹೋಯಿತು. ಮುನಿರಾಜಣ್ಣ ಬೂದಿಯನ್ನು ಕಡ್ಡಿಯಿಂದ ಕೆದಕುತ್ತ ಕೂತರು. “ಯಾರಾದ್ರೂ ಇರ್ಲೇಬೇಕು ಮೇಡಂ” ಎಂದರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಆದರೂ ಕೆಲವು ದಿನ ಕಳೆದು ಕೆಳಗಿನಿಂದ ಕೊನೆಯ ಅಧ್ಯಾಯ ಕೇಳಿಬಂದಾಗ ಪಾಪಣ್ಣ ಬದುಕಿದ್ದ. ಅನ್ನ ಮಾಡುವ ದೊಡ್ಡ ಕೊಳಗದಲ್ಲಿ ಕೂತು, ಸೌಟನ್ನು ಹುಟ್ಟಿನಂತೆ ಹಿಡಿದು, ಹಿಮದ ಇಳಿಜಾರಿನಲ್ಲಿ ಜಾರಿ ತುಕಡಿಯ ನಡುವೆ ಬಂದು ಬಿದ್ದ. ಅಕ್ಕ ನಕ್ಕದ್ದು ಮಹಡಿಗೂ ಕೇಳಿಸಿತು. ನನ್ನ ಕೈಗೆ ಬಂದ ಅಚ್ಚಿನ ಕರಡಿನಲ್ಲಿ ಮಾತ್ರ ಕೊಳಗವಿರಲಿಲ್ಲ. ಪಾಪಣ್ಣ ಬೆಳಗಿನ ತನಕ ಸೌದೆ ಹಾಕುತ್ತಾನೆ, ಬರುವವರಿಗೆ ಬಿಸಿಯಾಗಿರಲೆಂದು ಸಾರಿನ ಪಾತ್ರೆಗೆ ಮುಚ್ಚಳ ಮುಚ್ಚುತ್ತಾನೆ. ಆಮೇಲೆ ಹೊಗೆ ನಿಲ್ಲುತ್ತದೆ.

ಕೇಳಿದ್ದಕ್ಕೆ ಮುನಿರಾಜಣ್ಣ ಅಡುಗೆಮನೆಯ ಕಡೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದರು: “ಕೊಳಗ ಮನೆಗೆ ಮಾತ್ರ ಮೇಡಂ. ಅಚ್ಚಿಗೆ ಬೇಡ.”

ಪುಸ್ತಕವನ್ನು ಅವರು ನೋಡಲಿಲ್ಲ. ಎದೆನೋವೆಂದು ದೇವನಹಳ್ಳಿಯ ಆಸ್ಪತ್ರೆಗೆ ಹೋದವರು ಹಿಂತಿರುಗಲಿಲ್ಲ. ಅಚ್ಚಾದ ಪ್ರತಿಗಳ ಕಟ್ಟು ಬಂದದ್ದು ತಿಥಿಯೆಲ್ಲ ಮುಗಿದ ಮೇಲೆ. ಒಂದು ಮಧ್ಯಾಹ್ನ ಅಕ್ಕ ನನ್ನನ್ನು ಕೆಳಗೆ ಕರೆದು, ಒಂದು ಪ್ರತಿಯನ್ನು ಕೈಗಿಟ್ಟರು.

“ಕೊನೇದು ಓದಮ್ಮ.”

ಓದಿದೆ. ತುಕಡಿ ಇಳಿಯಿತು, ಹೊಗೆ ಎದ್ದಿತು. ಕೊನೆಯ ಪುಟ ಹತ್ತಿರ ಬಂದಾಗ ನನ್ನ ಬಾಯಿ ಪುಸ್ತಕವನ್ನು ಬಿಟ್ಟು ಕೊಳಗ ಹತ್ತಿತು. ಸೌಟು ಹಿಡಿಸಿದೆ, ಜಾರಿಸಿದೆ, ಬೇಕಾಗಿದ್ದಕ್ಕಿಂತ ಜಾಸ್ತಿಯೇ ಜಾರಿಸಿದೆ. ಅಕ್ಕ ನಗಲಿಲ್ಲ.

“ಅವ್ರೂ ಹಿಂಗೇ ಓದಿದ್ರು” ಎಂದರು. “ಆದ್ರೆ ಅವ್ರು ಪುಟನಾದ್ರೂ ತಿರುವ್ತಿದ್ರು ಕಣಮ್ಮ.”

ನಾನು ಬೆರಳಿಟ್ಟಿದ್ದ ಪುಟವನ್ನು ನೋಡಿಕೊಂಡೆ.

“ಕೊಳಗದಲ್ಲಿ ಮನುಷ್ಯ ಕೂರ್ತಾನಾ? ಸಾವಿರ ಜನದ ಮದುವೆ ಅಡುಗೆ ನೋಡಿದೋಳು ನಾನು. ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಾವ್ರಲ್ಲ ಅಂತ ನಕ್ಕೆ. ಈಗ ಬರ್ದಿರೋದ್ನ ಓದು.”

ಬರೆದದ್ದನ್ನೇ ಓದಿದೆ. ಸೌದೆ, ಬೆಳಗು, ಸಾರಿನ ಪಾತ್ರೆ, ಮುಚ್ಚಳ. ಹೊಗೆ ನಿಂತಿತು. ಪಕ್ಕದ ಮನೆಯ ಮಷಿನ್ನು ಓಡುತ್ತಲೇ ಇತ್ತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು.

“ಅವನು ಊಟ ಮಾಡಿದ್ನಾ?”

ಪುಟವನ್ನು ಮೇಲಿಂದ ಕೆಳಗೆ ಹುಡುಕಿದೆ. ಮುನಿರಾಜಣ್ಣ ಅದನ್ನು ಬರೆದಿರಲಿಲ್ಲ.

“ಮಾಡಿದ್ದ ಅಕ್ಕ. ಹಿಂದಿನ ಪುಟದಲ್ಲೇ ಇದೆ” ಎಂದೆ. ಈ ಸಲ ಪುಟ ತಿರುವುವುದನ್ನು ಮರೆಯಲಿಲ್ಲ.